ಟ್ರಂಕಿನ ತಳ

"ಕಫನ್ ತಂದಿಟ್ಟೀನಿ ಅಂತ ಅಮ್ಮೀ ನನಗs ಹೇಳಿದ್ಲು. ಎಲ್ಲಿಟ್ಟಾಳೋ!" ಹೆಣಕ್ಕೆ ಹೊದಿಸುವ ಆ ಬಟ್ಟೆಗಾಗಿ ಅಲ್ಮಾಸ್ ಕಪಾಟಿನದನ್ನೆಲ್ಲ ನೆಲಕ್ಕೆಳೆದು ಹಾಕುತ್ತಿದ್ದಳು. ಮಾನ್ವಿಯಿಂದ ಬಂದವಳು, ತೀರಿಕೊಂಡ ತಾಯಿಯ ಮುಖವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ.

"ಲಗೂ ನೋಡು ಬೇಟಿ, ನೀರು ಆರಾಕತ್ತಾವ. ಸಿಗಲಿಲ್ಲಂದ್ರ ಅಂಗಡಿಯಿಂದ ತರಸೂಣು," ಎಂದಳು ಶವಕ್ಕೆ ಸ್ನಾನ ಮಾಡಿಸಲು ಬಂದಿದ್ದ ಮುನ್ನೀ ಬೀ.

ಬಾಗಿಲ ಹಿಂದೆ ನಿಂತಿದ್ದ ವಿಜಯಲಕ್ಷ್ಮಿ ಅಡುಗೆಮನೆಯ ಕಡೆ ನೋಡಿದಳು. ಕಫನ್ ಇದ್ದದ್ದು ಅಡುಗೆಮನೆಯ ಟ್ರಂಕಿನ ತಳದಲ್ಲಿ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೇಲೆಲ್ಲ ಅವಳ ಬಟ್ಟೆ, ಬಿ.ಎಸ್ಸಿ. ಪುಸ್ತಕ, ನಾಳೆಯ ಪರೀಕ್ಷೆಯ ಹಾಲ್ ಟಿಕೆಟ್. ಬೆಳಿಗ್ಗೆ ಅಲ್ಮಾಸ್ ಯಾರು ನೀನೆಂದು ಕೇಳಿದಾಗ "ಬಾಜೂ ಮನಿಯಾಕಿ" ಎಂದು ಸುಳ್ಳು ಹೇಳಿಬಿಟ್ಟಿದ್ದಳು. ಈಗ ಟ್ರಂಕು ತೆರೆದರೆ ಮುಗಿಯಿತು.

ಹೊರಗೆ ತೀರಿಕೊಂಡಾಕೆಯ ಮಗ ಮುಜಾಹಿದ್ ಯಾರಿಗೋ ಹೇಳುತ್ತಿದ್ದ: "ಬಾಡಿಗಿ ಮನಿ. ದಫನ್ ಆದ ಕೂಡ್ಲೇ ಕೀಲಿ ಹಾಕಾದು."

* * *

ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರದ ಹುಡುಗಿ ಎಲ್ಲಿ ಮಲಗುತ್ತಾಳೆಂದು ಯಾರು ಕೇಳುತ್ತಾರೆ? ಎರಡು ವರ್ಷದ ಹಿಂದೆ ವಿಜಯಲಕ್ಷ್ಮಿಯನ್ನು ಯಾರೂ ಕೇಳಲಿಲ್ಲ. ತನ್ನೂರು ಜಾಲಹಳ್ಳಿಗೆ ತಿಳಿದರೆ ಅಪ್ಪ ಕಾಲೇಜು ಬಿಡಿಸುತ್ತಾನೆಂಬ ಹೆದರಿಕೆಗೆ ಅವಳೂ ಬಾಯಿಬಿಡಲಿಲ್ಲ. ರಾಯಚೂರು ಬಸ್ ಸ್ಟ್ಯಾಂಡಿನಲ್ಲೇ ಮಲಗಿದಳು. ಜೋಳದ ರೊಟ್ಟಿ ಮಾರುವ ಕುಬ್ರಾ ಬೇಗಂ ಹತ್ತಿರ ದಿನಕ್ಕೊಂದೇ ರೊಟ್ಟಿ ಕೊಳ್ಳುತ್ತಿದ್ದಳು.

"ಒಂದು ರೊಟ್ಟಿಗಿ ಹೊಟ್ಟಿ ತುಂಬತದೇನ ಬೇ? ಎಲ್ಲಿರ್ತಿ?" ಎಂದು ಮುದುಕಿ ಒಂದು ಸಂಜೆ ಗದರಿಸಿದಳು. ಹುಡುಗಿ ಗಳಗಳ ಅತ್ತುಬಿಟ್ಟಳು.

ಅಂದೇ ಮುದುಕಿ ಅವಳನ್ನು ಮನೆಗೆ ಕರೆತಂದು ಟ್ರಂಕು ತೋರಿಸಿದಳು. "ನಿನ್ನ ಸಾಮಾನು ಇದ್ರಾಗ ಇಡು. ನನ್ನ ಮಗ ಮುಜಾಹಿದ್ ಬಂದ್ರ ಮುಚ್ಚಿಬಿಡು. ಯಾರನ್ನೂ ಇಟ್ಕೋಬ್ಯಾಡ ಅಂತ ಒದರ್ತಾನ. ತಳದಾಗ ನನ್ನ ಕಫನ್ ಅದ. ಹೆದರ್ತಿಯೇನು?"

"ಇಲ್ರಿ ಅಜ್ಜಿ."

"ನಾ ಹೆದರ್ತೀನವ್ವಾ. ಮಕ್ಕಾದ ಝಮ್‌ಝಮ್ ನೀರಾಗ ಅದ್ದಿದ ಬಟ್ಟಿ, ಆ ದಿನ ಯಾರಿಗೂ ಸಿಗದs ಹೋದ್ರ? ನೀನs ತಗದು ಕೊಡಬೇಕು."

* * *

"ಹೋಗ್ಲಿ, ಅಂಗಡಿಗಿ ಕಳಸ್ರಿ," ಎಂದು ಅಲ್ಮಾಸ್ ಸೋತು ಕುಳಿತಳು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗಂಡಸರು ಕಬ್ರಸ್ತಾನಕ್ಕೆ ಹೋದಾಗ ಗಂಟು ಎತ್ತಿಕೊಂಡು ಜಾರಿಕೊಳ್ಳಬಹುದಿತ್ತು. ಎಲ್ಲಿಗೆ? ಮತ್ತೆ ಆ ಬಸ್ ಸ್ಟ್ಯಾಂಡಿಗೆ! ವಿಜಯಲಕ್ಷ್ಮಿ ಬಾಗಿಲ ಹಿಂದಿನಿಂದ ಮುಂದೆ ಬಂದಳು.

"ಅಕ್ಕಾರ... ಕಫನ್ ಎಲ್ಲಿ ಅದ ನನಗ ಗೊತ್ತದರಿ."

ಟ್ರಂಕಿನಿಂದ ಚೂಡಿದಾರ, ಹಾಸಿಗೆ ಬಟ್ಟೆ, ಪುಸ್ತಕ, ಹಾಲ್ ಟಿಕೆಟ್ ಒಂದೊಂದಾಗಿ ಹೊರಬಂದವು. ಅಲ್ಮಾಸ್ ನೋಡುತ್ತಲೇ ನಿಂತಿದ್ದಳು.

"ಬಾಜೂ ಮನಿಯಾಕಿ ಅಂದಿ?"

"ಇಲ್ಲೇ ಇದ್ನಿರಿ. ಎರಡು ವರ್ಷಾತು. ತಪ್ಪಾತ್ರಿ."

ಅಲ್ಮಾಸ್ ಟ್ರಂಕಿನ ತಳದಿಂದ ಕಫನ್ ಎತ್ತಿಕೊಂಡಳು. ಬಿಳಿ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು, ಬಂದಾಗಿನಿಂದ ಮೊದಲ ಸಲ ಜೋರಾಗಿ ಅತ್ತಳು.

ಸಂಜೆ ಮುಜಾಹಿದ್ ಕಬ್ರಸ್ತಾನದಿಂದ ಮರಳಿದ. ಕೈಯಲ್ಲಿ ಬೀಗವಿತ್ತು. ವಿಜಯಲಕ್ಷ್ಮಿ ಪುಸ್ತಕಗಳನ್ನು ಎದೆಗವಚಿಕೊಂಡು ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದಳು.

"ನಾಳಿ ಪರೀಕ್ಷಾ ಎಷ್ಟೊತ್ತಿಗಿ?" ಅಲ್ಮಾಸ್ ಮೆಲ್ಲಗೆ ಕೇಳಿದಳು.

"ಹತ್ತಕ್ಕರಿ."

"ಇನ್ನೂ ಒಳಗ ಯಾರದಾರ? ಬರ್ರಿ ಹೊರಗ!" ಮುಜಾಹಿದ್ ಬಾಗಿಲು ಬಡಿದ.

ಅಲ್ಮಾಸ್ ಹುಡುಗಿಯ ಕೈಯಿಂದ ಪುಸ್ತಕಗಳನ್ನು ಬಿಡಿಸಿಕೊಂಡು, ಕಫನ್ ಇದ್ದ ಜಾಗದಲ್ಲಿ ಜೋಡಿಸಿದಳು. ಮುಚ್ಚಳ ಹಾಕಿದಳು. ಆಮೇಲೆ ಬಾಗಿಲ ಕಡೆ ಮುಖಮಾಡಿ ಟ್ರಂಕಿನ ಮೇಲೆ ಕುಳಿತಳು.