ಸಬೀನಾಳ ಟೇಬಲ್ ರೋಸ್

ಚಳ್ಳಕೆರೆಯ ನಮ್ಮ ಬೀದಿಗೆ ವಾರಕ್ಕೊಮ್ಮೆ ನಲ್ಲಿ ನೀರು ಬಂದರೆ ಹೆಚ್ಚು. ಗುಲಾಬಿ, ಮಲ್ಲಿಗೆ ಎಲ್ಲ ಇಟ್ಟು ಸೋತು, ಕಡೆಗೆ ಅಂಗಳದ ತುಂಬ ಟೇಬಲ್ ರೋಸ್ ಹಬ್ಬಿಸಿದೆ. ದಪ್ಪ ಎಲೆಯ ಆ ಗಿಡಕ್ಕೆ ಬೇರೂ ಬೇಡ. ಒಂದು ಕಡ್ಡಿ ಮುರಿದು, ಮಣ್ಣಿಗೆ ಬೆರಳು ಚುಚ್ಚಿ ಸಿಕ್ಕಿಸಿದರೆ ಸಾಕು, ಎಂಥ ಬಿಸಿಲಿಗೂ ಜಗ್ಗದೆ ನೆಲ ಮುಚ್ಚುತ್ತದೆ.

ಪಕ್ಕದ ಮನೆಯ ಮೆಕ್ಯಾನಿಕ್ ಜಿಲಾನ್ ಬಾಷಾನ ಆರು ವರ್ಷದ ಮಗಳು ಸಬೀನಾ, ಹೂ ಅರಳುವ ಹತ್ತು ಗಂಟೆಗೆ ಸರಿಯಾಗಿ ಬಂದು ಎದುರಿಗೆ ಕೂರುತ್ತಿದ್ದಳು. ಕಡ್ಡಿ ಮುರಿದಳೆಂದು ಒಮ್ಮೆ ಗದರಿ ಕಳಿಸಿದ್ದೆ. ನನ್ನ ಬಾಯಿಗಷ್ಟು ಮಣ್ಣು ಹಾಕ. ತೊಂಬತ್ತೊಂಬತ್ತರ ಆಷಾಢದಲ್ಲಿ ಮೂರೇ ದಿನದ ಜ್ವರಕ್ಕೆ ಆ ಮಗು ಹೋಯಿತು.

ನಲವತ್ತು ದಿನ ಕಳೆದ ಮೇಲೆ ತಾಯಿ ರಜಿಯಾ ಕಡ್ಡಿ ಕೇಳಲು ಬಂದಳು.

“ನಮ್ಮಲ್ಲಿ ಹೆಂಗಸ್ರು ಕಬರಸ್ತಾನಕ್ಕೆ ಹೋಗಂಗಿಲ್ಲ ಅಕ್ಕಾ. ಕಲ್ಲೂ ನೆಡ್ಸಿಲ್ಲ. ಈ ಹೂವಾದ್ರೂ ಗುರ್ತಿಗಿರ್ಲಿ. ಅವಳಿಗೆ ಒಬ್ಬಳೇ ಮಲಗಕ್ಕೆ ಭಯ.”

ಸೆರಗಿನ ತುಂಬ ಮುರಿದುಕೊಟ್ಟೆ. ಅವಳು ಅದನ್ನು ಗಂಡನ ಕೈಗೆ ಕೊಟ್ಟಳು. ಆಮೇಲೆ ಪ್ರತಿ ಶುಕ್ರವಾರ ಅವನು ನಮಾಜು ಮುಗಿಸಿ, ಕಬರಸ್ತಾನಕ್ಕೆ ಹೋಗಿ ಬಂದರೆ ಬಾಗಿಲಲ್ಲೇ ವಿಚಾರಿಸಿ, ನನ್ನ ಬಳಿ ಬಂದು ಹೇಳುತ್ತಿದ್ದಳು: “ಚಿಗುರೈತಂತೆ ಅಕ್ಕಾ. ಕೆಂಪು ಹೂ ಬಿಟ್ಟೈತಂತೆ.” ಆ ಒಂದು ಮಾತಿನ ಮೇಲೆ ಅವಳು ವಾರ ದೂಡುತ್ತಿದ್ದಳು.

ಮರುವರ್ಷ ನನ್ನ ಲೂನಾ ಕೆಟ್ಟಿತೆಂದು ಜಿಲಾನನ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಶೆಡ್ಡಿನ ಹಿಂದೆ, ಸವೆದ ಲಾರಿ ಟೈರುಗಳ ನಡುವೆ, ನನ್ನ ಹೂಗಳೇ ಕೆಂಪಗೆ ಅರಳಿ ಕೂತಿದ್ದವು. ಮೈ ಉರಿದುಹೋಯಿತು.

“ಮಗಳ ಮೇಲೆ ನೆಡಕ್ಕೆ ಕೊಟ್ಟಿದ್ದು ಇಲ್ಲಿ ಯಾಕೈತೆ ಜಿಲಾನ್?”

ಅವನು ಎಣ್ಣೆಯ ಕೈಯನ್ನು ಒರೆಸುತ್ತಲೇ ಇದ್ದ. “ಹೋಗಿದ್ದೆ ಅಕ್ಕಾರೆ. ಮಣ್ಣಿಗೆ ಬೆರಳು ಚುಚ್ಚಬೇಕಲ್ರಿ. ಕೆಳಗೆ ಸಬೀನಾ ಅವಳೆ. ನನ್ ಕೈಲಿ ಆಗ್ಲಿಲ್ಲ. ಆಮೇಲೆ ಗೇಟಿನ ತಾವಿಂದ್ಲೇ ವಾಪಸ್ ಬರ್ತಿದ್ದೆ.”

“ನಡಿ, ನಾನು ಚುಚ್ತೀನಿ. ನಿಮ್ಮ ಹೆಂಗಸ್ರ ಕಟ್ಟಳೆ ನನಗಿಲ್ಲ,” ಎಂದು ಅಲ್ಲೇ ಒಂದು ಹಿಡಿ ಕಡ್ಡಿ ಮುರಿದುಕೊಂಡೆ.

ಕಬರಸ್ತಾನದ ಮೂಲೆಯ ಬೇವಿನ ಮರದ ಕೆಳಗೆ ಮೂರು ಪುಟ್ಟ ದಿಬ್ಬಗಳಿದ್ದವು. ಗಾಳಿಗೆ, ಮಳೆಗೆ ಮೂರೂ ಒಂದೇ ಥರ ತಗ್ಗಿದ್ದವು. ಜಿಲಾನ್ ಒಂದರ ಮುಂದೆ ಕುಕ್ಕರಿಸಿದ, ಎದ್ದ, ಇನ್ನೊಂದರ ಮುಂದೆ ಕುಕ್ಕರಿಸಿದ. “ಇದೇ ಅಕ್ಕಾರೆ. ಅಲ್ಲ, ಅದು,” ಎಂದವನು ತಲೆ ಹಿಡಿದುಕೊಂಡು ಅತ್ತ. ನನಗೂ ತಡೆಯಲಾಗಲಿಲ್ಲ. ಯಾವುದೆಂದು ಮತ್ತೆ ಕೇಳದೆ ಮೂರಕ್ಕೂ ಬೆರಳು ಚುಚ್ಚಿ ಕಡ್ಡಿ ಸಿಕ್ಕಿಸಿದೆ.

ಸಂಜೆ ರಜಿಯಾಳ ಎದುರು ನಾನೇ ಸುಳ್ಳು ಹೇಳಿದೆ. “ಕಣ್ಣಾರೆ ನೋಡ್ಬಂದೆ ಕಣೇ. ಪಕ್ಕದ ಎರಡು ಕೂಸುಗಳ ಮೇಲೂ ಹಬ್ಬೈತೆ.”

ವರ್ಷದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು. “ಪಕ್ಕದಾಗೆ ಮಕ್ಕಳವಾ ಅಕ್ಕಾ? ಹಂಗಾದ್ರೆ ಒಬ್ಬಳೇ ಮಲಗಿಲ್ಲ ಬಿಡಿ,” ಎಂದಳು.

ಉಗುರಿನೊಳಗಿನ ಮಣ್ಣು ಕಾಣದಂತೆ ನಾನು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡೆ.