ಬೈರಪ್ಪನವರ ಅಂಗಳದ ಊಟ

ಮನೆ ಮಾಲೀಕರು ಬಾಡಿಗೆಯವರನ್ನು ಊಟಕ್ಕೆ ಕರೆದರೆ ಅದರ ಹಿಂದೆ ಏನೋ ಇದ್ದೇ ಇರುತ್ತದೆ. ಸುಮ್ಮಸುಮ್ಮನೆ ಯಾರೂ ಯಾರಿಗೂ ಪಾಯಸ ಬಡಿಸುವುದಿಲ್ಲ. ಹೀಗಂದರೆ ನಮ್ಮ ಯಜಮಾನರು ನಗುತ್ತಾರೆ. ನಗಲಿ. ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲೆಲ್ಲ ಗೊರಕೆ ಹೊಡೆಯುವವರಿಗೆ ವಠಾರದಲ್ಲಿ ಏನು ನಡೆಯುತ್ತಿದೆ ಅಂತ ಏನು ಗೊತ್ತು?

ವಿಜಯನಗರದಲ್ಲಿ ಬೈರಪ್ಪನವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಹೆಂಚಿನ ಮನೆಗಳ ಸಾಲು. ಮೊದಲನೆಯದರಲ್ಲಿ ಚಕ್ರಪಾಣಿ ಮೇಷ್ಟ್ರು, ಪಕ್ಕದಲ್ಲಿ ರೇವಣಸಿದ್ದಪ್ಪನವರು, ಆಮೇಲೆ ವತ್ಸಲಾ, ಕೊನೆಯದರಲ್ಲಿ ನಾವು. ಶ್ರೀರಾಮಪುರದ ಕತ್ತಲೆ ಕೋಣೆಯಲ್ಲಿ ಒಂದು ಬಿಂದಿಗೆ ನೀರಿಗೆ ಜುಟ್ಟು ಜುಟ್ಟು ಹಿಡಿದು ಜಗಳವಾಡಿದವಳು ನಾನು. ಇಲ್ಲಿ ನನ್ನದೇ ನಲ್ಲಿ, ನನ್ನದೇ ಹಿತ್ತಿಲು, ಹಿತ್ತಿಲಲ್ಲಿ ಕರಿಬೇವಿನ ಗಿಡ. ಈ ಮನೆ ಬಿಡು ಅಂದರೆ ನನ್ನ ಜೀವ ಬಿಡು ಅಂದ ಹಾಗೆ.

ಅಂಥದ್ದರಲ್ಲಿ ಆ ಸೋಮವಾರ ಬೈರಪ್ಪನವರ ಮಗ ಚನ್ನಕೇಶವ ಯಾರೋ ಇಬ್ಬರನ್ನು ಕರೆತಂದು, ನಮ್ಮ ಬಚ್ಚಲಿನ ಗೋಡೆಯಿಂದ ರಸ್ತೆಯವರೆಗೂ ಟೇಪು ಹಿಡಿಸಿ ಅಳೆಸಿದ. "ಏನಪ್ಪಾ ಇದು?" ಅಂದೆ. "ಸುಮ್ನೆ ಅಮ್ಮೋರೆ" ಅಂದ. ಸುಮ್ಮನೆ ಗೋಡೆ ಅಳೆಯುವವರನ್ನು ನಾನು ಎಲ್ಲೂ ಕಂಡಿಲ್ಲ. ಅದೇ ವಾರ ಅವನ ತಾಯಿ ವೆಂಕಟಲಕ್ಷ್ಮಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೂ ಬಂದರು. ಶನಿವಾರ ರಾತ್ರಿ ಎಲ್ಲರೂ ಅವರ ಅಂಗಳದಲ್ಲಿ ಉಣ್ಣಬೇಕಂತೆ.

"ಅನಂತಲಕ್ಷ್ಮಮ್ನೋರೆ, ಅಡಿಗೆ ನೀವೇ ಮಾಡ್ಬೇಕು. ನಿಮ್ ಕೈದು ಅಂದ್ರೆ ಎಲ್ರೂ ಉಣ್ತಾರೆ. ಪಾತ್ರೆ ಎಲ್ಲಾ ಹೊಸವು ತರಿಸಿವ್ನಿ," ಅಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ನೀವೂ ಉಣ್ತೀರಲ್ವಾ?" ಅಂದರು. ಅಡಿಗೆಯವಳು ಉಣ್ಣುತ್ತಾಳೋ ಇಲ್ಲವೋ ಅಂತ ಇವರಿಗೇಕೆ ಅಷ್ಟು ಚಿಂತೆ?

ಶನಿವಾರ ಮಧ್ಯಾಹ್ನ ಒದ್ದೆ ಸೀರೆ ಉಟ್ಟು ಮಡಿಯಲ್ಲಿ ಅಂಗಳಕ್ಕೆ ಹೋದೆ. ಇಟ್ಟಿಗೆಯ ಒಲೆ ಹೂಡಿದ್ದರು. ಹೊಸ ಪಾತ್ರೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದೆ. ಹೊಸವೇ. ಎಣ್ಣೆ ಡಬ್ಬಿಯ ಮುಚ್ಚಳವನ್ನೂ ನಾನೇ ಒಡೆಸಿದೆ.

ಅಡಿಗೆಯೋ, ದೇವರೇ ಗತಿ! ಚಕ್ರಪಾಣಿ ಮೇಷ್ಟ್ರಿಗೆ ಚಾತುರ್ಮಾಸ್ಯದ ಕೊನೆಯ ತಿಂಗಳು, ಬೇಳೆಕಾಳು ನಿಷಿದ್ಧ. ಒಗ್ಗರಣೆಗೆ ಒಂದು ಉದ್ದಿನಬೇಳೆ ಹಾರಿ ಬಿದ್ದರೂ ಎಲೆ ಬಿಟ್ಟು ಏಳುತ್ತಾರೆ. ಅವರಿಗೆ ಬೇರೆ ಒಲೆ, ಬೇರೆ ಸೌಟು, ತೆಂಗಿನಕಾಯಿ ಅರೆದ ಮಜ್ಜಿಗೆಹುಳಿ. ವತ್ಸಲಾ ಶನಿವಾರ ರಾತ್ರಿ ಅನ್ನ ಮುಟ್ಟುವವಳಲ್ಲ, ಅವಳಿಗೆ ಉಪ್ಪಿಟ್ಟು. ರೇವಣಸಿದ್ದಪ್ಪನವರಿಗೆ ಲಿಂಗಪೂಜೆಯಾಗದೆ ತೊಟ್ಟು ನೀರೂ ಇಳಿಯದು, ಅವರಿಗೆಂದು ಮೂಲೆಯಲ್ಲಿ ಮಣೆ, ಬಿಲ್ವಪತ್ರೆ. ಇಷ್ಟೆಲ್ಲ ವೆಂಕಟಲಕ್ಷ್ಮಮ್ಮನಿಗೆ ಮೊದಲೇ ಗೊತ್ತಿತ್ತು. ಯಾರಿಗೆ ಏನು ಆಗುತ್ತದೆ, ಏನು ಆಗದು ಅಂತ ಮನೆಮನೆಗೂ ಹೋಗಿ ವಿಚಾರಿಸಿದ್ದರಂತೆ. ಯಾರೊಬ್ಬರೂ ನೆವ ಹೇಳಿ ತಪ್ಪಿಸಿಕೊಳ್ಳಬಾರದು ಅಂತ ಹೀಗೆ ದಾರಿ ಕಟ್ಟುವವರನ್ನು ಕಂಡರೆ ನನಗೆ ಭಯ.

ಸಂಜೆ ಹುಳಿ ಕುದಿಯುತ್ತಿದ್ದಾಗ ಗೋಡೆಯ ಆಚೆಯಿಂದ ಅಪ್ಪ ಮಗನ ಮಾತು ಕೇಳಿಸಿತು.

"ಬ್ಯಾಡ ಅಂದ್ರೂ ಕೇಳಲ್ವಲ್ಲಪ್ಪಾ ನೀನು," ಅಂತ ಚನ್ನಕೇಶವ.

"ಬಾಯ್ ಮುಚ್ಕೊಂಡು ತುಪ್ಪ ಬಡಿಸು ಕಣ್ಲಾ. ವಿಷ್ಯ ಉಂಡಾದ್ಮ್ಯಾಲೆ ನಾನೇ ಹೇಳ್ತೀನಿ. ಮುಂಚೇನೇ ಹೇಳ್ಬುಟ್ರೆ ಊಟ ಊಟ್ವಾಗಿರಾಕಿಲ್ಲ," ಅಂತ ಬೈರಪ್ಪನವರು.

ನನ್ನ ಕೈಯಲ್ಲಿದ್ದ ಸೌಟು ನಿಂತುಹೋಯಿತು. ಎಲಾ ಮುದುಕ! ಹೊಟ್ಟೆ ತುಂಬಾ ಬಡಿಸಿ, ತಾಂಬೂಲ ಕೈಗಿಟ್ಟು, ಆಮೇಲೆ ಮನೆ ಖಾಲಿ ಮಾಡಿ ಅನ್ನುವ ಹುನ್ನಾರ. ಉಪ್ಪು ತಿಂದ ಬಾಯಿ ಜಗಳಕ್ಕೆ ಏಳುತ್ತದೆಯೇ? ಪಾಯಸ ಕುಡಿದ ಗಂಟಲಿಂದ ಒಲ್ಲೆ ಅನ್ನುವ ಮಾತು ಹೊರಡುತ್ತದೆಯೇ? ಅವರು ನಂಬಿದ್ದು ಅದನ್ನೇ. ಸರಿ, ನಾನು ಅವರ ಉಪ್ಪು ತಿನ್ನುವುದೇ ಇಲ್ಲ. ನೈವೇದ್ಯಕ್ಕೆ ಮುಂಚೆ ಅಡಿಗೆಯ ರುಚಿ ನೋಡುವ ಪದ್ಧತಿ ಹೇಗೂ ನಮ್ಮಲ್ಲಿಲ್ಲ, ಒಂದು ಹರಳೂ ನನ್ನ ನಾಲಿಗೆಗೆ ತಾಗಿರಲಿಲ್ಲ.

ಎಲೆ ಹಾಕುವ ಹೊತ್ತಿಗೆ ಎಲ್ಲರೂ ಬಂದರು, ನಮ್ಮ ಯಜಮಾನರು ಮಾತ್ರ ಆಗಲೇ ಶಿಫ್ಟಿಗೆ ಹೋಗಿದ್ದರು. ವತ್ಸಲಾ, "ಬನ್ನಿ ಅನಂತಕ್ಕ, ನನ್ ಪಕ್ಕ ಕೂತ್ಕೊಳ್ಳಿ," ಅಂತ ಮಣೆ ಸರಿಸಿದಳು.

"ನನಗಿವತ್ತು ನಿಟ್ಟುಪವಾಸ ಕಣೇ. ಹರಕೆ. ತೊಟ್ಟು ನೀರೂ ಕುಡಿಯೋ ಹಾಗಿಲ್ಲ," ಅಂದೆ, ನಾಲ್ಕು ಜನಕ್ಕೆ ಕೇಳುವ ಹಾಗೆ.

ವೆಂಕಟಲಕ್ಷ್ಮಮ್ಮನ ಮುಖ ಸಪ್ಪಗಾಯಿತು. "ಮೊದ್ಲೇ ಹೇಳ್ಬಾರ್ದಾ ತಾಯಿ? ಬ್ಯಾರೆ ದಿನ ಇಟ್ಕೋತಿದ್ವಲ್ಲ. ಒಂದ್ ಬಾಳೆಹಣ್ಣಾದ್ರೂ?"

"ಉಹೂಂ."

ಅಬ್ಬಾ, ಗೆದ್ದೆ ಅನ್ನಿಸಿತು. ಚನ್ನಕೇಶವ ಮುಖ ಗಂಟು ಹಾಕಿಕೊಂಡೇ ಎಲೆಯಿಂದ ಎಲೆಗೆ ತುಪ್ಪ ಬಡಿಸಿದ. ಮೇಷ್ಟ್ರು ಮಜ್ಜಿಗೆಹುಳಿಯನ್ನು ಸೊರ್ ಸೊರ್ ಎಂದು ಎಳೆದರು. ರೇವಣಸಿದ್ದಪ್ಪನವರು ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ತಿನ್ನಿ, ತಿನ್ನಿ, ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಹೊಟ್ಟೆ ಮಾತ್ರ ಚುರುಗುಟ್ಟುತ್ತಿತ್ತು, ಸುಳ್ಳು ಏಕೆ ಹೇಳಲಿ.

ಎಲ್ಲರೂ ಕೈ ತೊಳೆದ ಮೇಲೆ ಬೈರಪ್ಪನವರು ತಾಂಬೂಲದ ತಟ್ಟೆ ಹಿಡಿದು ನಿಂತರು.

"ನಮ್ ಕೇಶವ ಈ ಮನೆಗುಳ್ನೆಲ್ಲ ಕೆಡವಿ ಅಂಗಡಿ ಕಟ್ಬೇಕು ಅಂತ ಕುಂತವ್ನೆ. ನಂಗೋ ವಯಸ್ಸಾಯ್ತು. ನಾಳೆ ನಾನಿಲ್ದಿದ್ರೆ ನಿಮ್ಮನ್ನ ರಸ್ತೆಗೆ ಹಾಕ್ತಾನೆ ಅಂತ ನಂಗೆ ಚೆನ್ನಾಗ್ ಗೊತ್ತು. ನಮ್ ವಂಶದಲ್ಲಿ ಒಂದು ಕಟ್ಟು ಐತೆ. ಮನೇಗ್ ಕರ್ದು ಕೂರ್ಸಿ ನಮ್ ಕೈಯಾರೆ ಬಡಿಸ್ದೋರ್ನ ನಾವು ಯಾವತ್ತೂ ಎಬ್ಬಿಸಂಗಿಲ್ಲ. ಅದುಕ್ಕೇ ಅವನ್ ಕೈಲೇ ತುಪ್ಪ ಬಡಿಸ್ಸಿದ್ದು. ಉಂಡೋರೆಲ್ಲ ಇನ್ನು ನಿಶ್ಚಿಂತೆಯಾಗಿರಿ."

ಉಪ್ಪು ಉಂಡವರ ಕೈ ಕಟ್ಟುತ್ತದೆ ಅಂತ ನಾನು ಲೆಕ್ಕ ಹಾಕಿದ್ದರೆ, ಈ ಮನೆಯಲ್ಲಿ ಅದು ಬಡಿಸಿದವರ ಕೈ ಕಟ್ಟುತ್ತಿತ್ತು. ಮೇಷ್ಟ್ರು ತಾಂಬೂಲ ತೆಗೆದುಕೊಂಡರು, ರೇವಣಸಿದ್ದಪ್ಪನವರು ತೆಗೆದುಕೊಂಡರು, ವತ್ಸಲಾ ಕಣ್ಣೊರೆಸಿಕೊಂಡಳು. ನನ್ನ ಮುಂದೆ ಬಂದಾಗ ಬೈರಪ್ಪನವರ ತಟ್ಟೆ ಅರ್ಧಕ್ಕೇ ನಿಂತಿತು. "ನಿಮ್ದು ಹರಕೆ ಅಂದ್ರಲ್ಲ ತಾಯಿ. ಏನ್ ಮಾಡಾನ," ಅಂದರು. ಅವರಿಗೂ ಸಂಕಟವೇ ಆಗಿತ್ತು.

ಚನ್ನಕೇಶವ ಆವತ್ತು ಮೊದಲ ಸಲ ನಕ್ಕ. "ಹೋಗ್ಲಿ ಬುಡಪ್ಪಾ. ಕೊನೇ ಮನೆ ಒಂದಾದ್ರೂ ನನ್ ಪಾಲಿಗಿರ್ಲಿ."

ನಾನು ಯಾರ ಮುಖವನ್ನೂ ನೋಡದೆ ಸೀದಾ ಅವರ ಅಡಿಗೆಮನೆಗೆ ನುಗ್ಗಿದೆ. ಹುಟ್ಟಿದಾಗಿನಿಂದ ಮಡಿಯಿಲ್ಲದ ಅಡಿಗೆಮನೆಯೊಳಗೆ ಕಾಲಿಟ್ಟವಳಲ್ಲ. ವೆಂಕಟಲಕ್ಷ್ಮಮ್ಮ ಪಾತ್ರೆ ಎತ್ತಿಡುತ್ತಿದ್ದರು.

"ನನಗೂ ಬಡಿಸ್ರಮ್ಮ," ಅಂದೆ.

"ಹರಕೆ?"

"ಯಾವ ಹರಕೆಯೂ ಇಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ನನಗೆ ಗೊತ್ತು. ನಾನು ಅವರ ಪಾತ್ರೆಗಳನ್ನು ನೋಡಿದ್ದು ಹಾಗೆಯೇ.

"ಹೊಟ್ಟೆಗೆ ಉಣ್ತೀರೋ, ಮನೆಗೆ ಉಣ್ತೀರೋ?"

"ಮನೆಗೆ," ಅಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನೀವ್ ಮಾಡಿದ್ದೆಲ್ಲ ಖಾಲಿಯಾಯ್ತು. ನಾವು ಉಣ್ಣಾಕೆ ಅಂತ ನಾನ್ ಮಾಡಿದ್ ಮುದ್ದೆ, ಸೊಪ್ಪಿನ ಸಾರು ಐತೆ." ಅಷ್ಟು ಹೇಳಿ ಅವರು ಬಾಗಿಲ ಕಡೆ ಕೂಗಿದರು. "ಕೇಶವಾ, ಬಾರ್ಲಾ. ಬಡಿಸು."

ಅವನು ಬಂದ. ಎಲೆ ಹಾಕಿಕೊಂಡು ನೆಲದ ಮೇಲೆ ಕೂತೆ. ಅವನು ಮುದ್ದೆ ಇಟ್ಟು, ಸಾರಿನ ಮಡಕೆಯಲ್ಲಿ ಸೌಟು ಅದ್ದಿ, ಹಾಗೇ ನಿಂತ.

"ಅಮ್ಮೋರೆ, ಮೊನ್ನೆ ಇದೇ ಮಡಕೇಲಿ ಕೋಳಿ ಬೆಂದಿತ್ತು. ನೋಡ್ಕಳಿ."

ನಿಜವೋ, ನನ್ನನ್ನು ಎಬ್ಬಿಸಲು ಹೂಡಿದ ಆಟವೋ? ವೆಂಕಟಲಕ್ಷ್ಮಮ್ಮನ ಮುಖ ನೋಡಿದೆ. ಅವರು ಪಾತ್ರೆಗಳ ಕಡೆ ತಿರುಗಿಕೊಂಡರು. ಹೊಸಿಲಿನ ಆಚೆ ಮೇಷ್ಟ್ರು, ರೇವಣಸಿದ್ದಪ್ಪನವರು, ವತ್ಸಲಾ ಎಲ್ಲರೂ ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದರು.

"ಬಡಿಸಪ್ಪಾ," ಅಂದೆ. "ಎಲೆ ತುಂಬಾ ಬಡಿಸು."