ಕೇಬಲ್ ಕಳಚಿದ ಮೇಸ್ತ್ರಿ

ಕೈಗೆತ್ತಿಕೊಂಡ ಯಾವ ಕೆಲಸವನ್ನೂ ಮುಗಿಯಿತೆಂದು ಒಪ್ಪಿಕೊಳ್ಳದವರನ್ನು ನನ್ನ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಎಂಜಿನ್ನನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮರಳಿ ಜೋಡಿಸಿ, ಅದು ಹೊಟ್ಟೆ ತುಂಬಿದ ಕೂಸಿನಂತೆ ತಕರಾರಿಲ್ಲದೆ ಉಸಿರಾಡತೊಡಗಿದ ಮೇಲೂ ಅವರು ಕೈ ಒರೆಸಿಕೊಳ್ಳುತ್ತ "ಸದ್ಯಕ್ಕೆ ಆಯ್ತು" ಎನ್ನುತ್ತಿದ್ದರು. ಊಟವಾಯಿತೇ ಎಂದರೂ ಸದ್ಯಕ್ಕೆ ಆಯಿತು, ಆರೋಗ್ಯವೇ ಎಂದರೂ ಸದ್ಯಕ್ಕೆ. ಬೀದಿಯವರು ಅವರಿಗೆ 'ಸದ್ಯಕ್ಕೆ ಮೇಸ್ತ್ರಿ' ಎಂದೇ ನಾಮಕರಣ ಮಾಡಿದ್ದರು, ಆ ಹೆಸರಿಗೆ ಅವರು ಸಂಕೋಚವಿಲ್ಲದೆ ಓಗೊಡುತ್ತಲೂ ಇದ್ದರು.

ಅವರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ನಾನು ಬಹುಕಾಲ ಬಾಡಿಗೆಗಿದ್ದೆ. ಕೆಳಗೆ ಎಂಜಿನ್ ಪರೀಕ್ಷೆ ನಡೆದಾಗಲೆಲ್ಲ ನನ್ನ ಮೇಜಿನ ಮೇಲಿನ ಲೋಟ ತಾನಾಗಿ ಅಂಚಿನ ಕಡೆಗೆ ಪ್ರಯಾಣ ಹೊರಡುತ್ತಿತ್ತು. ಮೇಸ್ತ್ರಿ ನಡೆಯುವಾಗ ಬಲಗಾಲಿನ ಹಿಮ್ಮಡಿಯನ್ನು ಮೊದಲು ಊರಿ, ಆಮೇಲೆ ಪಾದವನ್ನು ನಿಧಾನವಾಗಿ ಒತ್ತುತ್ತಿದ್ದರು, ನೆಲಕ್ಕೂ ನೋವಾದೀತೆಂಬ ದಾಕ್ಷಿಣ್ಯದಿಂದ. ಬೇಸಿಗೆ ಚಳಿಗಾಲವೆನ್ನದೆ ತೊಡುತ್ತಿದ್ದ ಖಾಕಿ ಕೋಟಿನ ಎಡಜೇಬು ನಟ್ಟು ಬೋಲ್ಟುಗಳ ಭಾರಕ್ಕೆ ಜೋತುಬಿದ್ದಿರುತ್ತಿತ್ತು. ಬಲಜೇಬಿನಲ್ಲಿ ಮಾತ್ರ ಒಂದು ಶುಭ್ರವಾದ ಬಟ್ಟೆ. ಅದು ಗಿರಾಕಿಗಳ ಗಾಡಿಗಲ್ಲ, ಹೆಂಡತಿಯ ಲಾರಿಯ ಬಾಗಿಲಿಗೆ.

ಅವರ ಹೆಂಡತಿಯ ಉದ್ಯೋಗವೇ ಲಾರಿ ಓಡಿಸುವುದು. ದುಂಡು ಬಾನೆಟ್ಟಿನ, ಎಂದೋ ತಯಾರಿಕೆ ನಿಂತುಹೋದ ಆ ಹಳೆಯ ಲಾರಿಯಲ್ಲಿ ಆಕೆ ಮನೆ ಬದಲಿಸುವವರ ಸಾಮಾನು ಸಾಗಿಸುತ್ತಿದ್ದರು. ನನ್ನ ಪುಸ್ತಕಗಳನ್ನು ಈ ಕೋಣೆಗೆ ತಂದದ್ದೂ ಆಕೆಯೇ. ಪೆಟ್ಟಿಗೆಗಳ ಸಾಲು ಮುಗಿಯದಿರುವುದನ್ನು ಕಂಡು, "ಇಷ್ಟೆಲ್ಲ ಓದಿದೀರಾ ಸಾರ್, ಇಲ್ಲ ಗಾಳಿಗೆ ಹಾರಿಹೋಗ್ಬಾರ್ದು ಅಂತ ಭಾರಕ್ಕೆ ಇಟ್ಕೊಂಡಿದೀರಾ?" ಎಂದು ಕೇಳಿದ್ದರು. ಅಂದಿನಿಂದ ನನಗೆ ಆಕೆಯ ಮೇಲೆ ಗೌರವ ಮತ್ತು ಸ್ವಲ್ಪ ಭಯ.

ಮೇಸ್ತ್ರಿಗೆ ಆ ಲಾರಿಯಲ್ಲಿ ಅತ್ಯಂತ ಪ್ರಿಯವಾದದ್ದು ಆಕ್ಸಿಲರೇಟರ್ ಕೇಬಲ್. ಪೆಡಲಿನಿಂದ ಎಂಜಿನ್ನಿನವರೆಗೆ ಹೋಗುವ ಆ ಉಕ್ಕಿನ ಎಳೆಗೆ ವಾರವಾರವೂ ಎಣ್ಣೆ ಬಿಟ್ಟು ಮುದ್ದು ಮಾಡುತ್ತಿದ್ದರು. "ಕೇಬಲ್ ಸುಳ್ಳು ಹೇಳಲ್ಲ ಸಾರ್. ಕಾಲು ಎಷ್ಟು ಕೇಳುತ್ತೋ ಎಂಜಿನ್ ಅಷ್ಟೇ ಕೊಡುತ್ತೆ" ಎನ್ನುತ್ತಿದ್ದರು. ಹೊಸ ವಾಹನಗಳಲ್ಲಿ ಈ ಕೇಬಲ್ ಇಲ್ಲ. ಪೆಡಲ್ ಒತ್ತಿದರೆ ಆ ಸುದ್ದಿ ವಿದ್ಯುತ್ತಿನ ರೂಪದಲ್ಲಿ ಒಂದು ಪುಟ್ಟ ಕಂಪ್ಯೂಟರಿಗೆ ತಲುಪುತ್ತದೆ, ಎಂಜಿನ್ನಿಗೆ ಎಷ್ಟು ಉಸಿರು ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಮೇಸ್ತ್ರಿಯ ಪ್ರಕಾರ ಅದು ಗಂಡಹೆಂಡಿರ ನಡುವೆ ದಲ್ಲಾಳಿಯನ್ನು ಕೂರಿಸಿದಂತೆ. ಪಕ್ಕದ ಅಂಗಡಿಯ ವೈರಿಂಗ್‌ನವನೊಡನೆ, ಅವನನ್ನು ಎಲ್ಲರೂ ಫ್ಯೂಸ್ ಎನ್ನುತ್ತಿದ್ದರು, ಈ ವಿಷಯಕ್ಕೆ ಅವರ ಜಗಳ ನಿತ್ಯದ್ದು.

ಹೀಗಿರುವಾಗ ಆಕೆಯ ಬಲಗಾಲು ನಡುಗತೊಡಗಿತು. ವೈದ್ಯರು ಅದಕ್ಕೊಂದು ಹೆಸರು ಹೇಳಿ, ಮಾತ್ರೆ ಬರೆದುಕೊಟ್ಟು, ಇದು ಹೋಗುವ ಕಾಯಿಲೆಯಲ್ಲ, ನಿಧಾನವಾಗಿ ಏರುತ್ತದೆ, ಓಡಿಸುವಷ್ಟು ದಿನ ಹತ್ತಿರದಲ್ಲೇ ಓಡಿಸಿ ಎಂದರಂತೆ. ಕೇಬಲ್ ಸುಳ್ಳು ಹೇಳುವುದಿಲ್ಲವಲ್ಲ, ಕಾಲಿನ ಒಂದೊಂದು ನಡುಕವನ್ನೂ ಅದು ಎಂಜಿನ್ನಿಗೆ ಚಾಚೂ ತಪ್ಪದೆ ವರದಿ ಮಾಡಿತು. ಲಾರಿ ಮುಗ್ಗರಿಸುತ್ತ ಸಾಗುತ್ತಿತ್ತು. ಒಂದು ದಿನ ಯಾರದೋ ಮನೆಯ ನಿಲುವುಗನ್ನಡಿ ದಾರಿಯಲ್ಲೇ ಒಡೆಯಿತು. ಆಕೆ ಕೆಳಗಿಳಿಯದೆ, ಮೊಣಕಾಲನ್ನು ಅಂಗೈಯಿಂದ ಅದುಮಿ ಹಿಡಿದು ಕುಳಿತಿದ್ದರು. "ಮನೇಲಿ ಕೂತ್ರೆ ಈ ಕಾಲು ನನ್ನನ್ನ ಪೂರ್ತಿ ತಿಂದು ಹಾಕುತ್ತೆ ರೀ" ಎಂದು ಗಂಡನಿಗೆ ಹೇಳಿದ್ದನ್ನು ಮೆಟ್ಟಿಲ ಮೇಲೆ ನಿಂತಿದ್ದ ನಾನೂ ಕೇಳಿದೆ. ಮೇಸ್ತ್ರಿ ಬಲಜೇಬಿನ ಬಟ್ಟೆ ತೆಗೆದು ಬಾಗಿಲು ಒರೆಸಿದರು.

ಲಾರಿಯ ಎಂಜಿನ್ನೂ ಆಗ ಕೊನೆಯುಸಿರೆಳೆಯುತ್ತಿತ್ತು. ಮೇಸ್ತ್ರಿ ಗುಜರಿಗೆ ಹೋಗಿ, ಅಪಘಾತದಲ್ಲಿ ಜಜ್ಜಿಹೋಗಿದ್ದ ಹೊಸ ವ್ಯಾನೊಂದರ ಎಂಜಿನ್ನನ್ನು ಅದರ ಕಂಪ್ಯೂಟರಿನ ಸಮೇತ ತಂದರು. ಅದು ಕೇಬಲ್ ಇಲ್ಲದ ಜಾತಿಯದು. ನಂಬಲಾಗದೆ ನಾನು ಕೆಳಗಿಳಿದುಬಂದಾಗ ಅವರು ಫ್ಯೂಸನ ಅಂಗಡಿಯ ಮುಂದೆ ನಿಂತಿದ್ದರು.

"ಏನಯ್ಯಾ, ನಿನ್ನ ಆ ದಲ್ಲಾಳಿ ನಡುಕಾನ ನುಂಗ್ತಾನಾ?"

ಫ್ಯೂಸ್ ಮೂದಲಿಸಲು ಜೀವನವಿಡೀ ಕಾದಿದ್ದವನು. ಆದರೆ ಮೇಸ್ತ್ರಿಯ ಮುಖ ನೋಡಿ ದನಿ ತಗ್ಗಿಸಿದ. "ನುಂಗು ಅಂದ್ರೆ ನುಂಗುತ್ತೆ ಮೇಸ್ತ್ರಿ. ಸಣ್ಣಪುಟ್ಟ ಅಲುಗಾಟ ಬಂದ್ರೆ ಕಿವಿಗೆ ಹಾಕ್ಕೋಬೇಡ, ನಿಧಾನವಾಗಿ ಒತ್ತಿದ್ದಕ್ಕೆ ಮಾತ್ರ ಓಡು ಅಂತ ಹೇಳಿಡೋಣ."

ಇಲ್ಲಿ ಮೇಸ್ತ್ರಿ ಒಂದು ತಪ್ಪು ಮಾಡಿದರು, ಕೇಬಲ್ ಕಾಲದವರಷ್ಟೇ ಮಾಡಬಹುದಾದ ತಪ್ಪು. ಎಂಜಿನ್ ತಂದವರು ಅದರ ಪೆಡಲ್ ತಂದಿರಲಿಲ್ಲ. ಕಾಲಿಡುವ ಹಲಗೆ ಯಾವುದಾದರೇನೆಂದು, ಬೇರೆ ಯಾವುದೋ ಗಾಡಿಯ ಪೆಡಲನ್ನು ಆಕೆಯ ಪಾದದ ಅಳತೆಗೆ ಉಜ್ಜಿ, ನಯಗೊಳಿಸಿ ಕೂರಿಸಿದರು. ಎಂಜಿನ್ ಚಾಲೂ ಆಯಿತು, ಆದರೆ ಎಷ್ಟು ಒತ್ತಿದರೂ ಗೊಣಗುತ್ತ ನಿಂತಲ್ಲೇ ನಿಂತಿತು. ಇಂಥ ಪೆಡಲಿನೊಳಗೆ ಕಾಲಿನ ಒತ್ತನ್ನು ಅಳೆಯುವ ಎರಡು ಸೆನ್ಸರ್‌ಗಳೆಂಬ ಇಬ್ಬರು ಸಾಕ್ಷಿಗಳಿರುತ್ತಾರೆ, ಇಬ್ಬರ ಹೇಳಿಕೆಯೂ ತಾಳೆಯಾದರೆ ಮಾತ್ರ ಕಂಪ್ಯೂಟರ್ ನಂಬುತ್ತದೆ, ಪರರ ಪೆಡಲಿನ ಮಾತು ಅದಕ್ಕೆ ತಿಳಿಯದು ಎಂದು ಫ್ಯೂಸ್ ವಿವರಿಸಿದ. ಗುಜರಿಗೆ ಓಡಿದರೆ ಆ ವ್ಯಾನು ಆಗಲೇ ಕರಗಲು ಹೋಗಿತ್ತು. ಅಂಥದೇ ಪೆಡಲ್ ಬೇರೆಡೆ ಸಿಗುವಷ್ಟರಲ್ಲಿ ತಿಂಗಳುಗಳೇ ಕಳೆದವು. ಆ ತಿಂಗಳುಗಳಲ್ಲಿ ಆಕೆ ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದರು, ಕಾಲು ಕುಳಿತಲ್ಲೇ ನಡುಗುತ್ತಿತ್ತು, ಮೇಸ್ತ್ರಿ ಅತ್ತ ನೋಡದಿರಲು ಎಂಜಿನ್ನಿನೊಳಗೆ ತಲೆ ಹುದುಗಿಸಿಕೊಂಡಿರುತ್ತಿದ್ದರು.

ಕೊನೆಗೂ ಎಲ್ಲ ಕೂಡಿಬಂತು. ಫ್ಯೂಸ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಆಕೆಯ ಕಾಲನ್ನು ಪೆಡಲಿನ ಮೇಲಿರಿಸಿ, "ಅಕ್ಕಾ, ಸುಮ್ನೆ ಇಡಿ, ನಡುಗ್ಲಿ ಬಿಡಿ" ಎನ್ನುತ್ತ, ನಡುಕ ಒಂದಿಷ್ಟೂ ಎಂಜಿನ್ನಿಗೆ ತಲುಪದಂತಾಗುವವರೆಗೆ ಕಂಪ್ಯೂಟರಿನ ಲೆಕ್ಕ ತಿದ್ದಿದ. ಮರುದಿನವೇ ಆಕೆ ಒಂದು ಮನೆಯ ಸಾಮಾನು ತುಂಬಿಕೊಂಡು ಹೊರಟರು. ಮೇಸ್ತ್ರಿ ಜೊತೆಗೆ ಹೋಗಲಿಲ್ಲ. "ನಾನು ಪಕ್ಕ ಕೂತ್ರೆ ರಸ್ತೆ ನೋಡಲ್ಲ ಸಾರ್, ನನ್ನ ಮುಖ ನೋಡ್ತಾಳೆ" ಎಂದರು. ಗೇಟಿಗೆ ಬೆನ್ನು ಮಾಡಿ ನಿಂತು, ಅಗತ್ಯವಿಲ್ಲದ ಒಂದು ಕಬ್ಬಿಣದ ತುಂಡನ್ನು ಅರದಿಂದ ತಿಕ್ಕುತ್ತಿದ್ದರು. ನಾನು ಬೆಂಚಿನ ಮೇಲಿದ್ದೆ.

ಹಳೆಯ ಚಾಲಕರಿಗೆ ಗಾಡಿ ನಿಲ್ಲಿಸುವ ಮುನ್ನ ಒಮ್ಮೆ ಪೆಡಲ್ ಒತ್ತಿ ಎಂಜಿನ್ ಗುಡುಗಿಸುವ, ರೇಸ್ ಕೊಡುವ ಚಟವಿರುತ್ತದೆ. ಆಕೆಯದು ಎರಡು ಸಲ, ಚುಟುಕಾಗಿ, ಮೊದಲನೆಯದಕ್ಕಿಂತ ಎರಡನೆಯದು ತುಸು ಮೆಲ್ಲಗೆ. ಅಷ್ಟೂ ವರ್ಷ ಗೇಟಿನ ಬಳಿ ಆ ಎರಡು ಸದ್ದು ಕೇಳಿದೊಡನೆ ಮೇಸ್ತ್ರಿ, ಯಾರ ಗಾಡಿಯ ಕೆಳಗೆ ಮಲಗಿದ್ದರೂ ತೆವಳಿಕೊಂಡು ಹೊರಬಂದು, ಕ್ಯಾಬಿನ್ನಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅವರಿಬ್ಬರೂ ಇದನ್ನು ಬಾಯಿಬಿಟ್ಟು ಆಡಿದವರಲ್ಲ. ಆಡುವಂಥದೇನಿದೆಯೆಂದು ಯೋಚಿಸಿದವರೂ ಅಲ್ಲ.

ಅಂದು ಲಾರಿ ಒಳಬಂದು ನಿಂತಿತು. ಆಕೆಯ ಭುಜ ಎರಡು ಬಾರಿ ಅಲುಗಿದ್ದು ಗಾಜಿನಾಚೆ ನನಗೆ ಕಂಡಿತು. ಯಾವ ವ್ಯಾನಿನದೂ ಆಗಬಹುದಾಗಿದ್ದ ಆ ಎಂಜಿನ್ನಿನ ಸದ್ದು ಕೂದಲೆಳೆಯಷ್ಟೂ ಏರಲಿಲ್ಲ. ಆಕೆ ಇನ್ನೊಮ್ಮೆ ಒತ್ತಿದರು. ಮೇಸ್ತ್ರಿ ತಿರುಗದೆಯೇ, ಯಾರೋ ಗಿರಾಕಿಗೆ ಹೇಳುವ ದನಿಯಲ್ಲಿ, "ಸ್ವಲ್ಪ ಇರಿ, ಬಂದೆ" ಎಂದರು. ಈಗೀಗ ಆಸರೆಯಿಲ್ಲದೆ ಇಳಿಯಲಾಗದ ಆಕೆ ಅಲ್ಲೇ ಕುಳಿತಿದ್ದರು.

"ರೀ, ನಾನು" ಎಂದರು ಕೊನೆಗೆ.

ಮೇಸ್ತ್ರಿ ತಿರುಗಿದರು. ಅರ ಕೈಯಲ್ಲೇ ಇತ್ತು. "ನೀನಾ?" ಎಂದರು. ಅವರ ದಾಂಪತ್ಯದಲ್ಲಿ ಆ ಪ್ರಶ್ನೆ ಹುಟ್ಟಿದ್ದು ಅದೇ ಮೊದಲಿರಬೇಕು. ಆ ಮುಖವನ್ನು ನೋಡಲಾರದೆ ನಾನು ಮಹಡಿ ಹತ್ತಿದೆ.

ಫ್ಯೂಸನನ್ನು ಕರೆಸಿದರು. ಅವನು ತಲೆ ಕೆರೆದುಕೊಂಡು, "ಅಕ್ಕ ಚುಟುಕಾಗಿ ಒತ್ತೋದು, ಕಾಲು ನಡುಗೋದು, ಎರಡೂ ಅದಕ್ಕೆ ಒಂದೇ ಮೇಸ್ತ್ರಿ. ಒಂದನ್ನ ಒಳಗೆ ಬಿಟ್ರೆ ಇನ್ನೊಂದೂ ನುಗ್ಗುತ್ತೆ. ಏನ್ಮಾಡ್ಲಿ ಹೇಳಿ" ಎಂದ. ಮೇಸ್ತ್ರಿ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, "ಹಾಗೇ ಇರ್ಲಿ. ಅವಳು ಓಡಿಸ್ಲಿ" ಎಂದರು. ಆಕೆ ನಕ್ಕು, "ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೋತೀರಾ, ಹಾರ್ನ್ ಇದೆಯಲ್ಲ" ಎಂದು ಸಮಾಧಾನ ಹೇಳಿದರು. ಮುಂದೆ ಹಾರ್ನ್ ಹೊಡೆದೇ ಬರುತ್ತಿದ್ದರು. ಹಾರ್ನ್ ಮಾತ್ರ ಯಾರು ಒತ್ತಿದರೂ ಒಂದೇ.

ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದರು, ಇನ್ನೊಂದು ಕನ್ನಡಿಯೂ ಒಡೆಯಲಿಲ್ಲ. ಆಮೇಲೊಂದು ದಿನ, ಖಾಲಿ ರಸ್ತೆಯಲ್ಲಿ ಕಾಲು ಬ್ರೇಕಿಗೆ ಹೋಗಲು ತಡಮಾಡಿತು. ಲಾರಿಯನ್ನು ಬದಿಗೆ ನಿಲ್ಲಿಸಿ, ಗಂಡನಿಗೆ ಹೇಳಿಕಳಿಸಿ, ಕೀಲಿಯನ್ನು ತಾವೇ ಅವರ ಕೈಗಿತ್ತರು. ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

ಈಗ ಲಾರಿಯನ್ನು ಸಂಬಳದ ಡ್ರೈವರ್ ಓಡಿಸುತ್ತಾನೆ. ಒತ್ತಿದರೆ ತಡವಾಗಿ ಎಚ್ಚರಾಗುತ್ತದೆ, ಪೆಡಲ್ ಬಲು ಮಂದ ಎಂದು ಅವನ ಗೋಳು. ಸರಿಮಾಡಿಬಿಡೋಣವೆಂದು ಫ್ಯೂಸ್ ಒಮ್ಮೆ ಲ್ಯಾಪ್‌ಟಾಪ್ ಹಿಡಿದೇ ಬಂದ. ಮೇಸ್ತ್ರಿ ಕ್ಯಾಬಿನ್ನಿನ ಬಾಗಿಲಿಗೆ ಅಡ್ಡ ನಿಂತರು. "ಮುಟ್ಬೇಡ ಕಣಯ್ಯಾ. ಅವಳ ಕಾಲು ಹೇಗಿತ್ತು ಅಂತ ಗೊತ್ತಿರೋದು ಇನ್ನು ಅದೊಂದಕ್ಕೇ."

ದುರಸ್ತಿಯನ್ನೇ ಬದುಕಾಗಿಸಿಕೊಂಡವರನ್ನು ನಾವು ಕಬ್ಬಿಣದ ಜನ ಎಂದುಕೊಳ್ಳುತ್ತೇವೆ. ಪ್ರೀತಿಸಿದವರಿಗೆ ಬೇಕಾದದ್ದನ್ನು ಮಾಡಿಕೊಡುವಾಗ ತಮಗೆ ಬೇಕಾದದ್ದು ಎಲ್ಲಿ ಕಳಚಿಬಿತ್ತೆಂದು ಅವರಿಗೆ ಗೊತ್ತಿರುತ್ತದೆ, ಅದನ್ನು ಮರಳಿ ಜೋಡಿಸುವ ವಿದ್ಯೆಯೂ ಕೈಯಲ್ಲಿರುತ್ತದೆ. ಆದರೂ ಜೋಡಿಸದೆ, ಆ ಕೊರತೆಯ ಪಕ್ಕದಲ್ಲೇ ದಿನವೂ ಕೆಲಸ ಮಾಡುತ್ತಾರೆ.